ಶೋರೂಂ ಬಿಲ್ ಯಾಕೆ ಇಷ್ಟು ಜಾಸ್ತಿ?

ಪ್ರಶ್ನೆ: ನಮ್ಮದು ಏಳು ವರ್ಷದ ಕಾರು. ಕಾಸರಗೋಡಿನ ಶೋರೂಂನಲ್ಲಿ ಮಾಮೂಲಿ ಸರ್ವೀಸಿಗೇ 14 ಸಾವಿರ ಬಿಲ್ ಬಂತು ಸಾರ್. ಹೊರಗೆ ಮಾಡಿಸಬಹುದಾ?
– ಓದುಗರು, ಕುಂಬಳೆ

ಉತ್ತರ: ಏಳು ವರ್ಷ ಆಯ್ತಲ್ವಾ, ವಾರಂಟಿ ಮುಗಿದಿರುತ್ತದೆ, ಇನ್ನು ಹೆದರಿಕೆ ಯಾಕೆ? ಉಪ್ಪಳದಲ್ಲೋ ಬದಿಯಡ್ಕದಲ್ಲೋ ಗೊತ್ತಿರುವ ಮೆಕ್ಯಾನಿಕ್ ಇದ್ದರೆ ಧಾರಾಳವಾಗಿ ಕೊಡಿ. ಅದಕ್ಕೆ ಮೊದಲು ಆ ಬಿಲ್ಲನ್ನು ಒಂದೊಂದೇ ಸಾಲು ಓದಿ. ಎಂಜಿನ್ ಆಯಿಲ್, ಫಿಲ್ಟರ್ ಬೇಕೇ ಬೇಕು, ಆದರೆ ಎಸಿ ಕ್ಲೀನಿಂಗ್, ಎಂಜಿನ್ ಡ್ರೆಸ್ಸಿಂಗ್ (ಎಂಜಿನ್ನಿನ ಹೊರಭಾಗ ಒರೆಸಿ ಹೊಳಪು ಕೊಡುವುದು), ಪಾಲಿಶ್ ಅಂತ ಸುಮ್ನೆ ಸೇರಿಸಿದ್ದನ್ನೆಲ್ಲ ಪ್ರತಿ ಸಲ ಮಾಡಿಸಬೇಕಿಲ್ಲ (ನಮ್ಮ ಕಡಲ ಕರೆಯ ಉಪ್ಪುಗಾಳಿಗೆ ಅಡಿಭಾಗಕ್ಕೆ ತುಕ್ಕು ತಡೆಯುವ ಕೋಟಿಂಗ್ ಒಮ್ಮೊಮ್ಮೆ ಬೇಕು, ಅದು ಬೇರೆ). ಬಿಡಿಭಾಗಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇಕಡ 28ರಿಂದ 18ಕ್ಕೆ ಇಳಿದಿದೆ, ಅದನ್ನೂ ನೋಡಿ. ಹೇಳದೆ ಮಾಡಿದ ಕೆಲಸಕ್ಕೆ ದುಡ್ಡು ಕೇಳಿದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.