ಫೈಲ್ ಆಮೇಲೆ, ಮೊದಲು ನೆಲ ಒಣಗಿಸಿ

ಪ್ರಶ್ನೆ: ಪೀಣ್ಯದ ಒಂದು ಚಿಕ್ಕ ಕ್ರೋಮ್ ಪ್ಲೇಟಿಂಗ್ ಫ್ಯಾಕ್ಟರಿಯಲ್ಲಿ ನಾನು ಸೂಪರ್‌ವೈಸರ್. ನಮಗೆ ಜಾಬ್ ಕೊಡುವ ಕಂಪನಿಯವರು ಪರಿಸರಕ್ಕೆ ಐಎಸ್‌ಒ 14001, ಸುರಕ್ಷತೆಗೆ ಐಎಸ್‌ಒ 45001 ಮಾಡಿಸಿ ಅನ್ನುತ್ತಿದ್ದಾರೆ. ಫೈಲ್, ಬೋರ್ಡ್, ಗ್ಲೌಸ್ ಎಲ್ಲ ಬಂದಿವೆ. ಆದರೆ ಹುಡುಗರು ಗ್ಲೌಸ್ ಹಾಕುವುದಿಲ್ಲ, ನೀರಿನ ಖರ್ಚು ಇಳಿದಿಲ್ಲ, ಓನರ್ ಹತ್ತಿರ ಜಾಸ್ತಿ ದುಡ್ಡೂ ಇಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ: ನೆಲದಿಂದ. ನಾಳೆ ಬೆಳಿಗ್ಗೆ ಕ್ರೋಮ್ ಟ್ಯಾಂಕ್ ಪಕ್ಕ ಅರ್ಧ ಗಂಟೆ ಸುಮ್ನೆ ನಿಂತು ನೋಡಿ. ಜಿಗ್ (ಕ್ರೋಮ್ ಲೇಪಿಸುವ ಲೋಹದ ಭಾಗಗಳನ್ನು ನೇತುಹಾಕುವ ಚೌಕಟ್ಟು) ಎತ್ತಿದ ಕೂಡಲೇ ತೊಳೆಯುವ ಟ್ಯಾಂಕಿಗೆ ಒಯ್ಯುತ್ತಾರೆ, ದಾರಿಯುದ್ದಕ್ಕೂ ಹಳದಿ ನೀರು ತೊಟ್ಟಿಕ್ಕುತ್ತದೆ. ಕಾಲು ಜಾರುವುದು ಆ ನೀರಿನ ಮೇಲೆಯೇ, ಚರ್ಮದಲ್ಲಿ ಹುಣ್ಣು ಮಾಡುವುದೂ ಅದೇ, ಮೋರಿಗೆ ಹರಿದು ಬೋರ್‌ವೆಲ್ ಕೆಡಿಸುವುದೂ ಅದೇ, ಅಷ್ಟೇ ಅಲ್ಲ, ಅದು ನಿಮ್ಮ ಓನರ್ ದುಡ್ಡು ಕೊಟ್ಟು ತಂದ ಕ್ರೋಮಿಕ್ ಆಸಿಡ್. ಪರಿಸರಕ್ಕೊಂದು ಫೈಲ್, ಸೇಫ್ಟಿಗೊಂದು ಫೈಲ್ ಅಂತ ಬೇರೆ ಮಾಡುತ್ತಾರಲ್ಲ, ಪ್ಲೇಟಿಂಗ್‌ನಲ್ಲಿ ಅವೆರಡೂ ಒಂದೇ ಕೆಲಸ.

ಲೆಕ್ಕ ನೋಡಿ. ಕುಡಿಯುವ ನೀರಿನಲ್ಲಿ ಲೀಟರಿಗೆ 0.05 ಮಿಲಿಗ್ರಾಂಗಿಂತ ಜಾಸ್ತಿ ಕ್ರೋಮಿಯಂ ಇರಬಾರದು. ಸಾಮಾನ್ಯ ಕ್ರೋಮ್ ಬಾತ್‌ನಲ್ಲಿ, ಅಂದರೆ ಟ್ಯಾಂಕಿನೊಳಗಿನ ದ್ರಾವಣದಲ್ಲಿ, ಲೀಟರಿಗೆ 250 ಗ್ರಾಂನಷ್ಟು ಕ್ರೋಮಿಕ್ ಆಸಿಡ್ ಇರುತ್ತದೆ, ಅದರ ತೂಕದಲ್ಲಿ ಅರ್ಧ ಕ್ರೋಮಿಯಂ. ಅಂದರೆ ಒಂದೇ ಒಂದು ಲೀಟರ್ ಬಾತ್ ಸುಮಾರು 25 ಲಕ್ಷ ಲೀಟರ್ ಶುದ್ಧ ನೀರನ್ನು ಆ ಮಿತಿಗೆ ತಂದು ನಿಲ್ಲಿಸುತ್ತದೆ. ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿದೆ ಅನ್ನುವುದು ಅಲ್ಲಿ ಕೆಲಸ ಮಾಡುವ ಎಲ್ಲರಿಗೂ ಗೊತ್ತಿರುವ ಸಂಗತಿ. ಆ ನೀರು ಕುಡಿಯುವವರು ನಮ್ಮ ಜನವೇ ಅಲ್ವಾ?

ಜಾಸ್ತಿ ಖರ್ಚಿಲ್ಲದ ಕೆಲಸ ಮೊದಲು. ಜಿಗ್ ಎತ್ತಿ ಟ್ಯಾಂಕ್ ಮೇಲೆಯೇ 15-20 ಸೆಕೆಂಡ್ ಹಿಡಿಯಬೇಕು. ಕೈಯಲ್ಲಿ ಹಿಡಿದರೆ ತೋಳು ನೋಯುತ್ತದೆ, ಯಾರೂ ನಿಲ್ಲುವುದಿಲ್ಲ, ಅದಕ್ಕೇ ಟ್ಯಾಂಕ್ ಮೇಲೆ ನೇತುಹಾಕಲು ಒಂದು ಪೈಪ್ ಕಟ್ಟಿಸಿ. ಎರಡು ಟ್ಯಾಂಕ್ ನಡುವಿನ ಸಂದಿಗೆ ಪ್ಲಾಸ್ಟಿಕ್ ಹಾಳೆಯನ್ನು ಬಾತ್ ಕಡೆಗೆ ಇಳಿಜಾರಾಗಿ ಇಡಿ. ಮೊದಲ ತೊಳೆಯುವ ಟ್ಯಾಂಕಿಗೆ ಹರಿಯುವ ನೀರು ಬೇಡ, ನಿಂತ ನೀರಿರಲಿ. ಬಾತ್ ಬಿಸಿಯಿರುವುದರಿಂದ ನೀರು ಆವಿಯಾಗಿ ಮಟ್ಟ ಇಳಿಯುತ್ತದೆ, ಆ ಜಾಗಕ್ಕೆ ಈ ನಿಂತ ನೀರನ್ನೇ ವಾಪಸ್ ಹಾಕಿ. ಹೀಗೆ ಮಾಡಿದರೆ ಕಬ್ಬಿಣ, ತಾಮ್ರದ ಕೊಳೆಯೂ ಬಾತ್‌ಗೆ ಮರಳುತ್ತದೆ, ಆಗಾಗ ಲ್ಯಾಬ್‌ನಲ್ಲಿ ಟೆಸ್ಟ್ ಮಾಡಿಸಬೇಕು. ನಂತರದ ತೊಳೆಯುವ ಟ್ಯಾಂಕುಗಳಲ್ಲಿ ಹೊಸ ನೀರು ಕೊನೆಯ ಟ್ಯಾಂಕಿಗೆ ಬಿದ್ದು ಹಿಂದಕ್ಕೆ ಹರಿಯಲಿ. ನೀರಿನ ಖರ್ಚು ಇಳಿಯುವುದು ಇಲ್ಲಿ.

ನಿಮ್ಮ ಈಟಿಪಿಯನ್ನೂ, ಅಂದರೆ ಕೊಳೆ ನೀರು ಶುದ್ಧ ಮಾಡುವ ಘಟಕವನ್ನೂ, ಒಮ್ಮೆ ನೋಡಿ. ಹಳದಿ ನೀರಿಗೆ ನೇರವಾಗಿ ಸುಣ್ಣ ಸುರಿದರೆ ಆರು ವೇಲೆನ್ಸಿಯ ಕ್ರೋಮಿಯಂ (ಕ್ರೋಮಿಯಂನ ವಿಷಕಾರಿ ರೂಪ) ಕೆಳಗೆ ಕೂರುವುದೇ ಇಲ್ಲ, ಹಾಗೇ ಹೊರಗೆ ಹೋಗುತ್ತದೆ. ಮೊದಲು ಆಸಿಡ್ ಹಾಕಿ ಪಿಎಚ್ 2-3ಕ್ಕೆ ತಂದು, ಸೋಡಿಯಂ ಮೆಟಾಬೈಸಲ್ಫೈಟ್ ಹಾಕಿ, ನೀರು ಹಸಿರು ಬಣ್ಣಕ್ಕೆ ತಿರುಗಿದ ಮೇಲೆ ಸುಣ್ಣ. ಈ ಹೊತ್ತಿನಲ್ಲಿ ಘಾಟು ಏಳುತ್ತದೆ, ಗಾಳಿಯಾಡುವ ಜಾಗ ಬೇಕು. ಸಯನೈಡ್ ಬಾತ್ ಇದ್ದರೆ ಅದರ ನೀರು ಯಾವ ಕಾರಣಕ್ಕೂ ಈ ಲೈನಿಗೆ ಬರಬಾರದು, ಆಸಿಡ್ ತಾಗಿದರೆ ಏಳುವ ಗ್ಯಾಸ್ ಪ್ರಾಣ ತೆಗೆಯುತ್ತದೆ. ಸಂಪ್ ಒಳಗೆ ಯಾರಾದರೂ ಬಿದ್ದರೆ ಕಾಪಾಡಲು ಇನ್ನೊಬ್ಬ ಹಾಗೇ ಇಳಿಯಬಾರದು. ಎಷ್ಟೋ ಕಡೆ ಎರಡನೇ ಸಾವು ಆಗುವುದು ಹಾಗೆಯೇ.

ಗ್ಲೌಸ್ ವಿಷಯ. ಹುಡುಗರನ್ನು ಬೈಯಬೇಡಿ, ಏಕೆ ಹಾಕುವುದಿಲ್ಲ ಅಂತ ಕೇಳಿ. ಗಿಡ್ಡ ಗ್ಲೌಸ್ ಒಳಗೆ ಆಸಿಡ್ ಇಳಿದರೆ ಬರಿಗೈಗಿಂತ ಕೆಟ್ಟದ್ದು, ಒಳಗೇ ನಿಂತು ಸುಡುತ್ತದೆ. ಮೊಣಕೈವರೆಗಿನದು ತರಿಸಿ, ಅಂಚು ಮಡಚಿ ಹಾಕಲು ಹೇಳಿ. 'ಅಪಘಾತವಿಲ್ಲದ ದಿನಗಳು' ಬೋರ್ಡ್ ಇದ್ದರೆ, ಅದಕ್ಕೆ ಬಹುಮಾನ ಬೇರೆ ಕೊಡುತ್ತಿದ್ದರೆ, ನಿಲ್ಲಿಸಿ. ಬಹುಮಾನ ತಪ್ಪುತ್ತದೆ ಅಂತ ಗಾಯ ಮುಚ್ಚಿಡುತ್ತಾರೆ. ಬಿದ್ದೆ, ಸ್ವಲ್ಪದರಲ್ಲಿ ಉಳಿದೆ ಅಂತ ಬಂದು ಹೇಳಿದವನಿಗೆ ಕೊಡಿ ಬಹುಮಾನ.

ಪ್ರಶ್ನೆ: ಕ್ರೋಮ್ ಟ್ಯಾಂಕ್ ಹತ್ತಿರ ಹೆಲ್ಪರ್ ಆಗಿದ್ದೇನೆ. ಮೂಗಿನಲ್ಲಿ ಆಗಾಗ ರಕ್ತ ಬರುತ್ತದೆ, ನೋವಿಲ್ಲ. ಉಷ್ಣ ಇರಬಹುದೇ?

ಉತ್ತರ: ಉಷ್ಣ ಅಂತ ಬಿಡಬೇಡಿ ತಮ್ಮಾ. ಬಾತ್‌ನಿಂದ ಏಳುವ ಗುಳ್ಳೆಗಳ ಜೊತೆ ಕ್ರೋಮಿಕ್ ಆಸಿಡ್ ಮಂಜಿನ ಹಾಗೆ ಮೇಲೆ ಬರುತ್ತದೆ, ಮೂಗಿನ ನಡುವಿನ ಗೋಡೆಯಲ್ಲಿ ಹುಣ್ಣು ಮಾಡಿ ತೂತೇ ಮಾಡಬಲ್ಲದು, ಎಷ್ಟೋ ಜನರಿಗೆ ನೋವೇ ಗೊತ್ತಾಗುವುದಿಲ್ಲ. ವರ್ಷಗಟ್ಟಲೆ ಉಸಿರಾಡಿದರೆ ಶ್ವಾಸಕೋಶದ ಕ್ಯಾನ್ಸರ್ ಕೂಡ ಬರಬಹುದು. ಎಕ್ಸಾಸ್ಟ್ ಫ್ಯಾನ್ ಮೇಲೆ ಗೋಡೆಯಲ್ಲಿದ್ದರೆ ಆ ಮಂಜು ನಿಮ್ಮ ಮುಖ ದಾಟಿಯೇ ಹೋಗುತ್ತದೆ. ಸಕ್ಷನ್ ಟ್ಯಾಂಕಿನ ಅಂಚಿನಲ್ಲೇ ಇರಬೇಕು. ಇದನ್ನು ಸೂಪರ್‌ವೈಸರ್‌ಗೆ ಹೇಳಿ. ಈ ವಾರವೇ ಇಎಸ್‌ಐ ಕಾರ್ಡ್ ಹಿಡಿದು ಕಿವಿ-ಮೂಗು-ಗಂಟಲು ಡಾಕ್ಟರ್ ಹತ್ತಿರ ಹೋಗಿ, ನಾನು ಕ್ರೋಮ್ ಪ್ಲೇಟಿಂಗ್ ಕೆಲಸ ಮಾಡುತ್ತೇನೆ ಅಂತ ಮೊದಲೇ ಹೇಳಿ, ಅದನ್ನು ಚೀಟಿಯಲ್ಲಿ ಬರೆಸಿ. ಕ್ರೋಮಿಯಂನಿಂದ ಬರುವ ಕಾಯಿಲೆ ಇಎಸ್‌ಐನ ಕೆಲಸದ ಕಾಯಿಲೆಗಳ ಪಟ್ಟಿಯಲ್ಲಿದೆ. ಆ ಚೀಟಿಯ ಜೆರಾಕ್ಸ್ ಮನೆಯಲ್ಲೊಂದು ಇರಲಿ.