ಕರೆಂಟ್ ಮಾಡಬಹುದು, ಕೊಳ್ಳುವವರು ಯಾರು?

ಗುಬ್ಬಿ ತಾಲೂಕಿನ ಓದುಗರೊಬ್ಬರು ಬರೆದಿದ್ದಾರೆ: “ಜರ್ಮನಿಯ ಶೋನೌ ಊರಿನವರು ತಮ್ಮ ಕರೆಂಟ್ ಲೈನನ್ನೇ ಕೊಂಡುಕೊಂಡ ಲೇಖನ ಓದಿದೆ. ನಮ್ಮ ಪಂಚಾಯ್ತಿಯಲ್ಲಿ ಬೀದಿದೀಪ, ಬೋರ್‌ವೆಲ್ ಬಿಲ್ ಬಾಕಿ ಬೆಳೆಯುತ್ತಲೇ ಇದೆ. ನಾಲ್ಕು ಎಕರೆ ಗೋಮಾಳ ಸುಮ್ನೆ ಬಿದ್ದಿದೆ. ಸೋಲಾರ್ ಹಾಕೋಣ ಅಂದರೆ ‘ಅದಕ್ಕೆ ರೂಲ್ಸ್ ಇಲ್ಲ’ ಅಂತಾರೆ. ಅಡ್ಡ ಇರುವುದು ಸರ್ಕಾರವೋ, ನಮ್ಮ ಜನವೋ?”

ಸಂಪಾದಕರ ಉತ್ತರ:

ನಮಸ್ಕಾರ. ರೂಲ್ಸ್ ಇಲ್ಲ ಅನ್ನುವ ಮಾತನ್ನು ನಂಬಬೇಡಿ. 2003ರ ವಿದ್ಯುತ್ ಕಾಯ್ದೆಯ 14ನೇ ಸೆಕ್ಷನ್ ನೋಡಿ. ರಾಜ್ಯ ಸರ್ಕಾರ ಗ್ರಾಮೀಣ ಪ್ರದೇಶ ಎಂದು ಅಧಿಸೂಚನೆ ಹೊರಡಿಸಿದ ಕಡೆ ಕರೆಂಟ್ ಉತ್ಪಾದಿಸಿ ಹಂಚಲು ಲೈಸೆನ್ಸೇ ಬೇಡ. ಸುರಕ್ಷತೆಯ ನಿಯಮ ಪಾಲಿಸಿದರೆ ಸಾಕು. ರೈತರ ಸೋಲಾರ್‌ಗಾಗಿ ಕೇಂದ್ರ ಸರ್ಕಾರ 2019ರಲ್ಲಿ ತಂದ ಪಿಎಂ ಕುಸುಮ್ ಯೋಜನೆಯ ‘ಎ’ ಭಾಗದಲ್ಲಿ ರೈತರು, ಸಹಕಾರ ಸಂಘಗಳ ಜೊತೆ ಪಂಚಾಯ್ತಿಯ ಹೆಸರೂ ಇದೆ. 500 ಕಿಲೋವ್ಯಾಟ್‌ನಿಂದ 2 ಮೆಗಾವ್ಯಾಟ್‌ವರೆಗಿನ ಸೋಲಾರ್ ಘಟಕ ಹಾಕಿ, ಹತ್ತಿರದ ಸಬ್‌ಸ್ಟೇಷನ್ ಮೂಲಕ ವಿದ್ಯುತ್ ಕಂಪನಿಗೆ ಕರೆಂಟ್ ಮಾರಬಹುದು.

ಹಾಗಾದರೆ ಊರೂರಲ್ಲಿ ಯಾಕಿಲ್ಲ? ನನ್ನ ಪ್ರಕಾರ ತೊಡಕು ಕರೆಂಟ್ ಮಾಡುವುದರಲ್ಲಿಲ್ಲ. ಅದನ್ನು ಯಾರು, ಯಾವ ದರಕ್ಕೆ, ಎಷ್ಟು ವರ್ಷ ಕೊಳ್ಳುತ್ತಾರೆ ಅನ್ನುವುದರಲ್ಲಿದೆ.

ನಿಮ್ಮ ಜಿಲ್ಲೆಯನ್ನೇ ನೋಡಿ. ಕುಣಿಗಲ್ ತಾಲೂಕಿನ ಪುರ ಗ್ರಾಮದಲ್ಲಿ 1980ರ ದಶಕದಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯ ಅಮೂಲ್ಯ ರೆಡ್ಡಿ ಮತ್ತು ಅವರ ತಂಡ ಸಮುದಾಯ ಗೋಬರ್ ಗ್ಯಾಸ್ ಘಟಕ ಕಟ್ಟಿತು. ಮೊದಲು ಅಡುಗೆಗೆ ಗ್ಯಾಸ್ ಕೊಡಲು ನೋಡಿದರು. ಅಷ್ಟು ಸಗಣಿ ಊರಲ್ಲಿರಲಿಲ್ಲ. ಆಮೇಲೆ ಅದೇ ಗ್ಯಾಸಿನಿಂದ ಎಂಜಿನ್ ಓಡಿಸಿ ಕುಡಿಯುವ ನೀರು ಮೇಲೆತ್ತಿದರು, ಮನೆಗಳಿಗೆ ದೀಪ ಕೊಟ್ಟರು. ಸಗಣಿ ತಂದವರಿಗೆ ಒಂದಿಷ್ಟು ಕಾಸು, ಜೊತೆಗೆ ಗೊಬ್ಬರವೂ ವಾಪಸ್. ಊರಿಗೆ ನಿಜಕ್ಕೂ ಬೇಕಿದ್ದದ್ದು ನೀರು ಅಂತ ಗೊತ್ತಾದ ಮೇಲೆ ಕೆಲಸ ನಡೆಯಿತು, ಅಲ್ವಾ?

ಅದೇ ಜಿಲ್ಲೆಯ ಕಬ್ಬಿಗೆರೆಯದು ಇನ್ನೊಂದು ಬಗೆ. ಅಲ್ಲಿ ಕಟ್ಟಿಗೆಯಿಂದ ಅನಿಲ ತೆಗೆದು ಕರೆಂಟ್ ಮಾಡಿ ಬೆಸ್ಕಾಂಗೆ ಮಾರಿದರು. ಸಿಕ್ಕಿದ ದರ ಯೂನಿಟ್‌ಗೆ ₹2.85. ಕಟ್ಟಿಗೆ ಕಡಿಯಬೇಕು, ಒಣಗಿಸಬೇಕು, ತುಂಡು ಮಾಡಬೇಕು, ಯಂತ್ರದ ಮುಂದೆ ಆಳು ನಿಲ್ಲಬೇಕು. ಆ ದರದಲ್ಲಿ ಇದೆಲ್ಲ ಗಿಟ್ಟುವುದು ಕಷ್ಟ. ಯಂತ್ರ ಸರಿಯಿದ್ದರೂ ದರ ಸರಿಯಿಲ್ಲದಿದ್ದರೆ ಇಷ್ಟೇ.

ಬಿಹಾರದ ಧರ್ನೈಯಲ್ಲಿ ದರದ ಪ್ರಶ್ನೆ ಬೇರೆ ರೂಪದಲ್ಲಿ ಬಂತು. 2014ರಲ್ಲಿ ಗ್ರೀನ್‌ಪೀಸ್ ಅನ್ನುವ ಪರಿಸರ ಸಂಸ್ಥೆ ಅಲ್ಲಿ 100 ಕಿಲೋವ್ಯಾಟ್‌ನ ಸೋಲಾರ್ ಮೈಕ್ರೋಗ್ರಿಡ್, ಅಂದರೆ ಊರಿನೊಳಗೇ ಕರೆಂಟ್ ಮಾಡಿ ಹಂಚುವ ಸಣ್ಣ ಜಾಲ, ಹಾಕಿತು. ದೇಶವೆಲ್ಲ ಸುದ್ದಿ. ಆದರೆ ಜನ ‘ಅಸಲಿ ಕರೆಂಟ್’ ಕೊಡಿ ಅಂದರು. ಸರ್ಕಾರದ ಲೈನ್ ಬಂತು, ಅದರ ಕರೆಂಟ್ ಅಗ್ಗ. ಬ್ಯಾಟರಿಗಳು ಕೆಟ್ಟವು, ಘಟಕ ಪಾಳು ಬಿತ್ತು. ಜನರನ್ನು ಬೈದು ಏನು ಪ್ರಯೋಜನ? ಅಗ್ಗದ್ದನ್ನು ಯಾರು ಬಿಡುತ್ತಾರೆ?

ಈಗ ಇದನ್ನು ನಮ್ಮ ರಾಜ್ಯಕ್ಕೆ ಹೊಂದಿಸಿ ನೋಡಿ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟ್ ಉಚಿತ. 2023ರ ಗೃಹಜ್ಯೋತಿಯಿಂದ ಬಹಳಷ್ಟು ಮನೆಗಳ ಬಿಲ್ ಸೊನ್ನೆ. ಅದು ಸರಿಯೋ ತಪ್ಪೋ ಇಲ್ಲಿ ಬೇಡ. ಆದರೆ ಊರಿನ ಘಟಕದಿಂದ ದುಡ್ಡು ಕೊಟ್ಟು ಕರೆಂಟ್ ಕೊಳ್ಳುವವರು ಉಳಿದರೇ? ಹಿಟ್ಟಿನ ಗಿರಣಿ, ಅಂಗಡಿ ಬಿಟ್ಟರೆ ಹಳ್ಳಿಯಲ್ಲಿ ದೊಡ್ಡ ಬಿಲ್ ಬರುವುದು ಪಂಚಾಯ್ತಿಗೇ. ಹಾಗಾಗಿ ಬೀದಿದೀಪ, ಬೋರ್‌ವೆಲ್ಲಿಂದ ಶುರು ಮಾಡುವ ನಿಮ್ಮ ಆಲೋಚನೆ ಸರಿಯಾಗಿದೆ.

ತಮಿಳುನಾಡಿನ ಓಡಂತುರೈ ಪಂಚಾಯ್ತಿ ಮಾಡಿದ್ದೂ ಇದೇ ಲೆಕ್ಕ. ಸ್ವಂತ ಉಳಿತಾಯದ ಜೊತೆ ಬ್ಯಾಂಕ್ ಸಾಲ ಸೇರಿಸಿ, 2006ರಲ್ಲಿ 350 ಕಿಲೋವ್ಯಾಟ್‌ನ ಗಾಳಿಯಂತ್ರ ಕೊಂಡರು. ಖರ್ಚು ಸುಮಾರು ₹1.55 ಕೋಟಿ. ಗಾಳಿಯಂತ್ರ ಊರಲ್ಲಿಲ್ಲ! ಗಾಳಿ ಚೆನ್ನಾಗಿ ಬೀಸುವ ಉಡುಮಲೈಪೇಟೆ ಕಡೆ ಇದೆ. ಕರೆಂಟ್ ರಾಜ್ಯದ ಲೈನಿಗೆ ಹೋಗುತ್ತದೆ, ಪಂಚಾಯ್ತಿಯ ಬಳಕೆ ಕಳೆದು ಉಳಿದದ್ದಕ್ಕೆ ದುಡ್ಡು ಬರುತ್ತದೆ. ವಿದ್ಯುತ್ ಮಂಡಳಿ ಜೊತೆ ಒಪ್ಪಂದವಿಲ್ಲದಿದ್ದರೆ ಆ ಯಂತ್ರದಿಂದ ಓಡಂತುರೈಗೆ ಒಂದು ಬಲ್ಬಿನ ಲಾಭವೂ ಇರಲಿಲ್ಲ. ಗುಜರಾತಿನ ಧುಂಡಿಯಲ್ಲಿ ಸೋಲಾರ್ ಪಂಪ್ ಇಟ್ಟ ಆರು ರೈತರು ಸಹಕಾರ ಸಂಘ ಕಟ್ಟಿದಾಗಲೂ ಗಟ್ಟಿ ನೆಲ ಸಿಕ್ಕಿದ್ದು ಯೂನಿಟ್‌ಗೆ ₹4.63ರಂತೆ 25 ವರ್ಷದ ಖರೀದಿ ಒಪ್ಪಂದದಿಂದ.

ಜರ್ಮನಿಯನ್ನು ಹೊಗಳುವಾಗಲೂ ಇದನ್ನು ಮರೆಯಬಾರದು. ಗಾಳಿ, ಬಿಸಿಲಿನಂಥ ಮೂಲಗಳ ಕರೆಂಟಿಗಾಗಿ ಬಂದ 2000ದ ಕಾಯ್ದೆ ಅಲ್ಲಿ 20 ವರ್ಷ ನಿಗದಿತ ದರಕ್ಕೆ ಖಾತ್ರಿ ಕೊಟ್ಟಿತು. ಸಣ್ಣ ಸಂಘಗಳು ಧೈರ್ಯವಾಗಿ ಸಾಲ ಮಾಡಿದ್ದು ಆ ಕಾಗದ ನಂಬಿ. 2017ರಿಂದ ಕಡಿಮೆ ದರ ಕೂಗಿದವರಿಗೆ ಅವಕಾಶ ಕೊಡುವ ಹರಾಜು ಬಂತು, ದೊಡ್ಡ ಕಂಪನಿಗಳ ಎದುರು ಸಣ್ಣವರಿಗೆ ಕಷ್ಟವಾಯಿತು. ನಮ್ಮಲ್ಲೂ ಕಡಿಮೆ ದರ ಕೂಗಿದವರಿಗೇ ಟೆಂಡರ್ ಅನ್ನುವುದಾದರೆ ಪಂಚಾಯ್ತಿ ಗೆಲ್ಲುವುದು ಹೇಗೆ? ಸಣ್ಣವರಿಗೆ ಬೇರೆ ದರ ಗೊತ್ತು ಮಾಡಬೇಕು. ಅಡ್ಡ ಯಾರು ಅಂತ ಕೇಳಿದಿರಲ್ಲ, ನನ್ನ ಬೆರಳು ಹೆಚ್ಚಾಗಿ ಸರ್ಕಾರದ ಕಡೆಗೇ.

ಒಂದು ಎಚ್ಚರಿಕೆ. ಗೋಮಾಳ ಪಂಚಾಯ್ತಿಯ ಸ್ವತ್ತಲ್ಲ, ಸರ್ಕಾರಿ ಜಮೀನು. ಕಂದಾಯ ಇಲಾಖೆಯ ಒಪ್ಪಿಗೆಯಿಲ್ಲದೆ ಒಂದು ಕಂಬವನ್ನೂ ನೆಡಬೇಡಿ. ದನ ಮೇಯಿಸುವವರನ್ನೂ ಗ್ರಾಮಸಭೆಯಲ್ಲಿ ಕೇಳಿ. ಜಾಗ ‘ಸುಮ್ನೆ ಬಿದ್ದಿದೆ’ ಅನ್ನುವುದನ್ನು ಅವರು ಒಪ್ಪದೇ ಇರಬಹುದು.

ಮೊದಲ ಕೆಲಸ ಇಷ್ಟು: ಪಿಡಿಒ ಹತ್ತಿರ ಒಂದು ವರ್ಷದ ಎಲ್ಲ ಮೀಟರ್‌ಗಳ ಬಿಲ್ ತೆಗೆಸಿ, ಯೂನಿಟ್ ಲೆಕ್ಕ ಹಾಕಿ. ಆಮೇಲೆ ಗ್ರಾಮಸಭೆಯ ನಿರ್ಣಯದೊಂದಿಗೆ ಬೆಸ್ಕಾಂಗೆ ಅರ್ಜಿ ಕೊಡಿ. ಯಾವ ಯೋಜನೆಯಡಿ, ಯಾವ ದರಕ್ಕೆ, ಎಷ್ಟು ವರ್ಷ ಕೊಳ್ಳುತ್ತೀರಿ ಎಂದು ಬರಹದಲ್ಲೇ ಉತ್ತರ ಕೇಳಿ. ಆ ಉತ್ತರದ ಪ್ರತಿಯನ್ನು ನಮಗೂ ಕಳಿಸಿ, ಪ್ರಕಟಿಸುತ್ತೇವೆ.

– ಸಂಪಾದಕ