ಆರು ಕೋಡ್ ಒಟ್ಟಿಗೆ ಬಂದಿದ್ದರೆ ಮೊದಲು 5 ವೋಲ್ಟ್ ನೋಡಿ

ನಮಸ್ಕಾರ. ನೀವು ಹಾಕಿರುವ ಸ್ಕ್ಯಾನರ್ ಫೋಟೊ ನೋಡಿದೆ. ನಿಮ್ಮದು ಬಿಎಸ್4 (ಹೊಗೆ ನಿಯಮದ ನಾಲ್ಕನೇ ಹಂತ) ಕಾಮನ್ ರೈಲ್ ಡೀಸೆಲ್ ಪಿಕಪ್, ಅಂದರೆ ಎಲ್ಲ ಇಂಜೆಕ್ಟರ್‌ಗಳಿಗೂ ‘ರೈಲ್’ ಎಂಬ ಒಂದೇ ಒತ್ತಡದ ಕೊಳವೆಯಿಂದ ಡೀಸೆಲ್ ಹೋಗುವಂಥದ್ದು. ಅಡಿಕೆ ಮೂಟೆ ಹೇರಿ ಏರು ಹತ್ತುವಾಗ ಎಷ್ಟು ಒತ್ತಿದರೂ ಆರ್‌ಪಿಎಂ ಏರುವುದಿಲ್ಲ, ಕೆಲವೊಮ್ಮೆ ಎಂಜಿನ್ ನಿಂತೇ ಹೋಗುತ್ತದೆ, ಕೀ ತೆಗೆದು ಮತ್ತೆ ಹಾಕಿದರೆ ಸ್ವಲ್ಪ ದೂರ ಏನೂ ಆಗಿಲ್ಲವೆಂಬಂತೆ ಓಡುತ್ತದೆ. ಸ್ಕ್ಯಾನರ್ ತೋರಿಸಿದ ದೋಷದ ಕೋಡ್‌ಗಳು ಪಿ0642, ಪಿ0192, ಪಿ0237, ಪಿ2122, ಪಿ0087 ಮತ್ತು ಪಿ0401. ಗ್ಯಾರೇಜಿನವರು ಹೈ ಪ್ರೆಷರ್ ಪಂಪ್, ಇಂಜೆಕ್ಟರ್‌ಗಳು, ಸಾಲದ್ದಕ್ಕೆ ಇಸಿಎಂ (ಎಂಜಿನ್ ನಡೆಸುವ ಕಂಪ್ಯೂಟರ್) ಕೂಡ ಹೊಸದು ಬೇಕು ಎಂದಿದ್ದಾರೆ. ಮುಂಗಡ ಕೊಟ್ಟಿಲ್ಲವೆಂದರೆ ಇನ್ನೂ ಕೊಡಬೇಡಿ.

ಮೊದಲ ಕೋಡನ್ನೇ ನೋಡಿ. ಇಸಿಎಂ ಬ್ಯಾಟರಿಯ 12 ವೋಲ್ಟ್ ತೆಗೆದುಕೊಂಡು, ಅದರಿಂದ ಸ್ಥಿರವಾದ 5 ವೋಲ್ಟ್ ಮಾಡಿ ಸೆನ್ಸರ್‌ಗಳಿಗೆ ಹಂಚುತ್ತದೆ. ಆ 5 ವೋಲ್ಟ್ ಕುಸಿದಿದೆ ಎನ್ನುವುದೇ ಪಿ0642. ಪಿ0192 ರೈಲ್ ಪ್ರೆಷರ್ ಸೆನ್ಸರಿನದು, ಪಿ0237 ಟರ್ಬೊ ತಳ್ಳುವ ಗಾಳಿಯ ಒತ್ತಡ ಅಳೆಯುವ ಬೂಸ್ಟ್ ಸೆನ್ಸರಿನದು, ಪಿ2122 ಆಕ್ಸಿಲರೇಟರ್ ಪೆಡಲ್ಲಿನದು. ಮೂರೂ ಹೇಳುವುದು ಸಿಗ್ನಲ್ ವೋಲ್ಟೇಜ್ ತೀರಾ ಕಡಿಮೆ ಎಂಬ ಒಂದೇ ಮಾತು. ಮೂರು ಬೇರೆ ಬೇರೆ ಜಾಗದ ಸೆನ್ಸರ್‌ಗಳು ಒಂದೇ ವಾರದಲ್ಲಿ ಕೆಡುವುದು ಅಪರೂಪ. ಇಡೀ ಕೇರಿಯ ದೀಪ ಆರಿದಾಗ ಯಾರೂ ಮನೆಮನೆಯ ಬಲ್ಬ್ ಬದಲಿಸುವುದಿಲ್ಲ, ಟ್ರಾನ್ಸ್‌ಫಾರ್ಮರ್ ನೋಡುತ್ತಾರೆ.

ಪಿ0087, ಅಂದರೆ ರೈಲಿನಲ್ಲಿ ಒತ್ತಡ ಕಡಿಮೆ. ಪಂಪ್ ಬದಲಿಸಿ ಎಂದವರು ಹಿಡಿದಿರುವುದು ಇದನ್ನೇ. ಆದರೆ ಆ ಒತ್ತಡವನ್ನು ಅಳೆದು ಹೇಳುತ್ತಿರುವವರು ಯಾರು? ಪಿ0192 ಯಾವ ಸೆನ್ಸರಿನ ಮೇಲೆ ಬಂದಿದೆಯೋ ಅದೇ ಸೆನ್ಸರ್. ಅದು ಸರಿಯಾಗುವವರೆಗೆ ಪಿ0087 ನಂಬುವಂತಿಲ್ಲ, ಪಂಪನ್ನು ಮುಟ್ಟುವಂತೆಯೂ ಇಲ್ಲ.

ಮೀಟರ್ ಹಿಡಿಯುವ ಮೊದಲು ಕೋಡ್‌ಗಳನ್ನೆಲ್ಲ ಬರೆದಿಟ್ಟುಕೊಂಡು ಅಳಿಸಿ. ಎಂಜಿನ್ ಚಾಲೂ ಮಾಡದೆ ಕೀ ಮಾತ್ರ ಆನ್ ಮಾಡಿ ಮತ್ತೆ ಓದಿ. ತಕ್ಷಣ ಮರಳುವ ಕೋಡ್‌ಗಳು ಸಾಮಾನ್ಯವಾಗಿ ವಿದ್ಯುತ್ತಿನವು. ಗಾಡಿ ಓಡಿದ ಮೇಲಷ್ಟೇ ಬರುವವು ಹೆಚ್ಚಾಗಿ ಗಾಳಿ, ಡೀಸೆಲ್, ಹೊಗೆಯ ಹರಿವಿಗೆ ಸೇರಿದವು. ಈ ವಿಂಗಡಣೆಗೆ ಖರ್ಚಿಲ್ಲ, ಆದರೂ ಮಾಡುವವರು ಕಡಿಮೆ.

ಬ್ಯಾಟರಿಯನ್ನೂ ನೋಡಿಬಿಡಿ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ 12.6 ವೋಲ್ಟ್ ಆಸುಪಾಸು ಇರಬೇಕು, 12.2ಕ್ಕಿಂತ ಕೆಳಗಿದ್ದರೆ ಮೊದಲು ಚಾರ್ಜ್ ಮಾಡಿಸಿ. ಎಂಜಿನ್ ಓಡುತ್ತಿರುವಾಗ 13.8ರಿಂದ 14.5. ಇನ್ನೊಂದು ಪರೀಕ್ಷೆ: ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಇನ್ನೊಂದನ್ನು ಎಂಜಿನ್ನಿನ ಬರಿಯ ಲೋಹಕ್ಕೆ ಹಿಡಿದು ಸೆಲ್ಫ್ ಹೊಡೆಸಿ. 0.3 ವೋಲ್ಟಿಗಿಂತ ಹೆಚ್ಚು ಬಂದರೆ ಅರ್ತ್ ಪಟ್ಟಿ ತುಕ್ಕು ಹಿಡಿದಿದೆ ಎಂದರ್ಥ. ಬಿಚ್ಚಿ, ಉಜ್ಜಿ, ಬಿಗಿಯಾಗಿ ಕೂರಿಸಿ. ಮಲೆನಾಡಿನ ಮಳೆ ಕಂಡ ಗಾಡಿಗಳಲ್ಲಿ ಇದನ್ನು ಬಿಟ್ಟು ಮುಂದೆ ಹೋಗಬಾರದು.

ಈಗ ಮುಖ್ಯ ಕೆಲಸ. ಕೀ ಆನ್, ಎಂಜಿನ್ ಆಫ್. ಬೂಸ್ಟ್ ಸೆನ್ಸರಿನ ಕಪ್ಲರ್ (ತಂತಿ ಜೋಡಿಸುವ ಪ್ಲಗ್) ಕಳಚಿ, ಗಾಡಿಯ ಕಡೆಯ ಪಿನ್‌ಗಳಲ್ಲಿ 5 ವೋಲ್ಟ್ ಪಿನ್ ಯಾವುದೆಂದು ವೈರಿಂಗ್ ನಕ್ಷೆಯಲ್ಲಿ ನೋಡಿಕೊಂಡು ಅಳೆಯಿರಿ. 4.8ರಿಂದ 5.2ರ ಒಳಗಿರಬೇಕು. ಒಂದೋ ಎರಡೋ ವೋಲ್ಟ್ ತೋರಿಸಿದರೆ ಮೀಟರನ್ನು ಅಲ್ಲಿಯೇ ಬಿಟ್ಟು, ಅದೇ 5 ವೋಲ್ಟ್ ಸಾಲಿನಲ್ಲಿರುವ ಉಳಿದ ಸೆನ್ಸರ್‌ಗಳ ಕಪ್ಲರನ್ನು ಒಂದೊಂದಾಗಿ ಕಳಚುತ್ತ ಹೋಗಿ. ಯಾವುದನ್ನು ಕಳಚಿದಾಗ ವೋಲ್ಟೇಜ್ ಚಂಗನೆ 5ಕ್ಕೆ ಏರುತ್ತದೆಯೋ ಅದೇ ಅಪರಾಧಿ, ಅದೊಂದನ್ನು ಬದಲಿಸಿದರೆ ಸಾಕು. ಇಸಿಎಂನಲ್ಲಿ 5 ವೋಲ್ಟ್ ಸಾಲುಗಳು ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚಿರುತ್ತವೆ, ಯಾವುದಕ್ಕೆ ಯಾವ ಸೆನ್ಸರ್ ಎನ್ನುವುದು ಮಾದರಿಯಿಂದ ಮಾದರಿಗೆ ಬೇರೆ; ಹಾಗಾಗಿ ನಕ್ಷೆ ಬೇಕೇ ಬೇಕು. ಕಪ್ಲರ್ ಕಳಚಿದಾಗ ಹೊಸ ಕೋಡ್‌ಗಳು ಬರುತ್ತವೆ, ಗಾಬರಿಯಾಗಬೇಡಿ, ಕೊನೆಯಲ್ಲಿ ಅಳಿಸಿದರಾಯಿತು. ಬಲ್ಬ್ ಕಟ್ಟಿದ ಟೆಸ್ಟ್ ಲ್ಯಾಂಪನ್ನು ಮಾತ್ರ ಈ ತಂತಿಗಳಿಗೆ ತಾಗಿಸಬೇಡಿ, ಇಸಿಎಂ ಸುಡಬಹುದು.

ಎಲ್ಲ ಕಳಚಿದರೂ ವೋಲ್ಟೇಜ್ ಏರದಿದ್ದರೆ ದೋಷ ಹೆಚ್ಚಾಗಿ ತಂತಿಯಲ್ಲಿರುತ್ತದೆ. ಒಮ್ಮೆ ಬರುವುದು, ಕೀ ತೆಗೆದರೆ ಹೋಗುವುದು ಎನ್ನುವ ನಿಮ್ಮ ವಿವರಣೆ ಕೇಳಿದರೆ ನನ್ನ ಅನುಮಾನವೂ ತಂತಿಯ ಮೇಲೆಯೇ. ಗಾಡಿ ರಾತ್ರಿ ಅಡಿಕೆ ಕೊಟ್ಟಿಗೆಯಲ್ಲಿ ನಿಲ್ಲುತ್ತದೆ ಎಂದಿದ್ದೀರಿ. ಬಾನೆಟ್ ಎತ್ತಿ ಇಲಿ ಹಿಕ್ಕೆ ಇದೆಯೇ ನೋಡಿ. ವೈರಿಂಗ್ ಕಟ್ಟು ಬ್ರಾಕೆಟ್ಟಿಗೆ ಉಜ್ಜುವಲ್ಲಿ, ಇಜಿಆರ್ (ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಕಳಿಸುವ) ಪೈಪಿನ ಬಳಿ, ಟರ್ಬೊ ಶಾಖ ತಾಗುವಲ್ಲಿ ಟೇಪ್ ಬಿಚ್ಚಿ ಪರಿಶೀಲಿಸಿ. ಮೀಟರ್ ಜೋಡಿಸಿಟ್ಟುಕೊಂಡು ಕಟ್ಟನ್ನು ಅಲ್ಲಲ್ಲಿ ಅಲುಗಾಡಿಸಿ. ಅಂಕಿ ಜಿಗಿದ ಜಾಗದಲ್ಲೇ ಗಾಯವಿರುತ್ತದೆ. ಕಪ್ಲರಿನೊಳಗೆ ಹಸಿರು ಕಿಲುಬು ಕಂಡರೆ ಅದೂ ಒಂದು ಕಾರಣ. ವಾಟರ್ ಸರ್ವಿಸ್ ಮಾಡುವವರು ಎಂಜಿನ್ನಿಗೆ ನೇರವಾಗಿ ನೀರು ಹೊಡೆದರೆ ಹೀಗಾಗುತ್ತದೆ. ತುಂಡಾದಲ್ಲಿ ಬೆಸುಗೆ ಹಾಕಿ, ಶಾಖಕ್ಕೆ ಕುಗ್ಗುವ ಕೊಳವೆ ಹೊದಿಸಿ. ಬರಿ ಇನ್ಸುಲೇಷನ್ ಟೇಪ್ ಸುತ್ತಿ ಕಳಿಸುವವರಿಗೆ ದುಡ್ಡು ಕೊಡಬೇಡಿ.

ಇಸಿಎಂ ಮೇಲೆ ಸಂಶಯ ಪಡುವುದು ಎಲ್ಲಕ್ಕಿಂತ ಕೊನೆಗೆ. ಅದರ ಕಪ್ಲರನ್ನೂ ಕಳಚಿ (ಇದಕ್ಕೆ ಬ್ಯಾಟರಿ ಬಿಚ್ಚಿರಬೇಕು) 5 ವೋಲ್ಟ್ ತಂತಿಗೂ ಬಾಡಿಗೂ ನಡುವೆ ಶಾರ್ಟ್ ಇಲ್ಲವೆಂದು ಖಚಿತವಾಗಿ, ಆದರೂ ಇಸಿಎಂ 5 ವೋಲ್ಟ್ ಕೊಡುತ್ತಿಲ್ಲವೆಂದರೆ ಮಾತ್ರ. ಅಂದ ಹಾಗೆ, ಈಚೆಗೆ ಗಾಡಿಯ ಲೋಡ್ ತೊಟ್ಟಿಗೆ ವೆಲ್ಡಿಂಗ್ ಮಾಡಿಸಿದ್ದೀರಾ? ಬ್ಯಾಟರಿ ಬಿಚ್ಚದೆ ಮಾಡಿಸಿದ್ದರೆ ಆ ಕರೆಂಟಿಗೆ ಇಸಿಎಂ ಕೆಟ್ಟಿರಬಹುದು, ಅದನ್ನು ತಪ್ಪದೆ ಹೇಳಿ.

5 ವೋಲ್ಟ್ ಸರಿಯಾದ ಮೇಲೂ ಪಿ0087 ಬಂದರೆ ಆಗ ಡೀಸೆಲ್ ಕಡೆಗೆ ಹೊರಳಿ. ಫಿಲ್ಟರಿನ ಕೆಳಗಿನ ತಿರುಪು ಸಡಿಲಿಸಿ ನೀರು ಇಳಿಸಿ, ಹಳೆಯದಾಗಿದ್ದರೆ ಫಿಲ್ಟರ್ ಬದಲಿಸಿ. ಡ್ರಮ್ಮಿನಲ್ಲಿ ತಂದಿಟ್ಟ ಡೀಸೆಲ್ ಬಳಸುವವರು ಇದನ್ನು ಮೊದಲೇ ಮಾಡಬೇಕು. ಆಮೇಲೆ ಇಂಜೆಕ್ಟರ್‌ಗಳ ಲೀಕ್ ಬ್ಯಾಕ್ ಪರೀಕ್ಷೆ (ಪ್ರತಿಯೊಂದರಿಂದ ಎಷ್ಟು ಡೀಸೆಲ್ ವಾಪಸ್ ಹರಿಯುತ್ತದೆ ಎಂದು ಅಳೆಯುವುದು), ಪಂಪಿನ ಸರದಿ ಅದರ ನಂತರ. ಎಂಜಿನ್ ಓಡುತ್ತಿರುವಾಗ ಹೈ ಪ್ರೆಷರ್ ಪೈಪಿನ ನಟ್ ಸಡಿಲಿಸಲು ಯಾರಿಗೂ ಬಿಡಬೇಡಿ. ಹಳೆಯ ಡೀಸೆಲ್ ಎಂಜಿನ್‌ಗಳಲ್ಲಿ ಗಾಳಿ ತೆಗೆಯಲು ಹಾಗೆ ಮಾಡುತ್ತಿದ್ದರು. ಇಲ್ಲಿ ಲೋಡ್ ಬಿದ್ದಾಗ ಒತ್ತಡ 1000 ಬಾರ್ ದಾಟುತ್ತದೆ, ಡೀಸೆಲ್ ಎಳೆ ಚರ್ಮ ತೂರಿ ಒಳಗೆ ಹೋಗುತ್ತದೆ.

ಪಿ0401, ಅಂದರೆ ಇಜಿಆರ್ ಹರಿವು ಸಾಲದು. ಅದಕ್ಕೂ 5 ವೋಲ್ಟಿನ ತೊಂದರೆಗೂ ಹೆಚ್ಚು ಸಂಬಂಧವಿರಲಾರದು. ಸಾಮಾನ್ಯವಾಗಿ ಇಜಿಆರ್ ವಾಲ್ವಿನಲ್ಲಿ ಮಸಿ ಕಟ್ಟಿರುತ್ತದೆ. ಬಿಚ್ಚಿ ತೊಳೆದು ಹೊಸ ಗ್ಯಾಸ್ಕೆಟ್ ಹಾಕಿದರೆ ಬಹಳ ಸಲ ಅದು ಹೋಗುತ್ತದೆ. ಅದಕ್ಕೆ ಅವಸರವಿಲ್ಲ.

ಕಪ್ಲರ್ ಕಳಚುವ ಮೊದಲು ಮತ್ತು ನಂತರ ಎಷ್ಟು ವೋಲ್ಟ್ ಬಂತು ಎಂದು ಇಲ್ಲಿಯೇ ಬರೆಯಿರಿ. ಅಂಕಿ ಸಿಕ್ಕಿದರೆ ಮುಂದಿನದನ್ನು ಹೇಳಬಹುದು.